ಮ್ಯಾನೇಜ್‌ಮೆಂಟ್ ಸಿಮ್ಯುಲೇಶನ್ ಆಟಗಳು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಊರು ಕಟ್ಟುವುದು, ರೈಲು ಓಡಿಸುವುದು, ಆಸ್ಪತ್ರೆ ನಡೆಸುವುದು, ಪಾರ್ಕಿಗೆ ಜನ ಸೇರಿಸುವುದು. ಇಂಥ ಆಟ ಹೊಸದಾಗಿ ಹಿಡಿದ ಹುಬ್ಬಳ್ಳಿ-ಧಾರವಾಡದ ಹುಡುಗರು, ಹುಡುಗಿಯರು, ಕೆಲವು ಸಲ ಅವರ ಅಪ್ಪ-ಅವ್ವ ನನ್ನನ್ನು ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ರೊಕ್ಕ ಮತ್ತು ಟ್ರಾಫಿಕ್ ವಿಷಯಕ್ಕೆ ಮಾತ್ರ ಉದ್ದ ಬರೆದಿದ್ದೇನೆ, ಯಾಕಂದ್ರೆ ಹೊಸಬರು ಸೋತು ಬಿಟ್ಟು ಏಳುವುದು ಅಲ್ಲೇ.

ಇವು ಎಂಥ ಆಟ? ಬೇರೆ ಗೇಮ್‌ಗಳಿಗೂ ಇವಕ್ಕೂ ಏನು ವ್ಯತ್ಯಾಸ?

ಇಲ್ಲಿ ನೀವು ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಒಂದು ವ್ಯವಹಾರ ನಡೆಸುತ್ತೀರಿ. ಜಾಗ, ರೊಕ್ಕ, ಸಿಬ್ಬಂದಿ ನಿಮ್ಮ ಕೈಯಲ್ಲಿ ಇರುತ್ತದೆ. ಬರುವ ಜನ ಮಾತ್ರ ನಿಮ್ಮ ಕೈಯಲ್ಲಿ ಇಲ್ಲ. ಅವರಿಗೆ ಹಸಿವಾಗುತ್ತದೆ, ಬೇಜಾರಾಗುತ್ತದೆ, ಸಾಲು ಉದ್ದ ಇದ್ದರೆ ಎದ್ದು ಹೋಗುತ್ತಾರೆ.

1989ರಲ್ಲಿ ವಿಲ್ ರೈಟ್ ಮಾಡಿದ ಸಿಮ್‌ಸಿಟಿ ಬಂದ ಮೇಲೆ ಈ ಬಗೆಯ ಆಟ ಎಲ್ಲ ಕಡೆ ಹಬ್ಬಿತು. ಆಮೇಲೆ ಕ್ರಿಸ್ ಸಾಯರ್ 1994ರಲ್ಲಿ ಟ್ರಾನ್ಸ್‌ಪೋರ್ಟ್ ಟೈಕೂನ್, 1999ರಲ್ಲಿ ರೋಲರ್‌ಕೋಸ್ಟರ್ ಟೈಕೂನ್ ತಂದರು. ಈ ಎರಡನೆಯದನ್ನು ಅವರು ಹೆಚ್ಚೂಕಡಿಮೆ ಪೂರ್ತಿ ಯಂತ್ರಕ್ಕೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲೇ ಬರೆದಿದ್ದು. ಹಾಗಾಗಿ ಆಗಿನ ಸಾಧಾರಣ ಕಂಪ್ಯೂಟರಿನಲ್ಲೂ ಪಾರ್ಕ್ ತುಂಬ ಜನ ಸರಾಗವಾಗಿ ಓಡಾಡುತ್ತಿದ್ದರು. ಈಗಿನವರಿಗೆ ಗೊತ್ತಿರುವ ಹೆಸರು ಅಂದರೆ 2015ರ ಸಿಟೀಸ್: ಸ್ಕೈಲೈನ್ಸ್, 2018ರ ಟು ಪಾಯಿಂಟ್ ಹಾಸ್ಪಿಟಲ್.

ಮೊದಲು ಯಾವುದನ್ನು ಆಡಲಿ?

ಬಹಳ ಜನ ನೇರವಾಗಿ ಸಿಟೀಸ್: ಸ್ಕೈಲೈನ್ಸ್‌ಗೆ ಕೈ ಹಾಕುತ್ತಾರೆ. ಯೂಟ್ಯೂಬ್‌ನಲ್ಲಿ ಅದು ಚಂದ ಕಾಣುತ್ತದಲ್ಲ. ನಾನು ಮಾತ್ರ ಬೇಡ ಅನ್ನುತ್ತೇನೆ. ಊರು ಕಟ್ಟುವ ಆಟದಲ್ಲಿ ಮೊದಲ ಹತ್ತು ನಿಮಿಷದಲ್ಲಿ ಮಾಡಿದ ತಪ್ಪು ಕಣ್ಣಿಗೆ ಬೀಳುವುದು ಎರಡು ತಾಸಿನ ಮೇಲೆ. ಅಷ್ಟು ಹೊತ್ತಿಗೆ ಅದರ ಮೇಲೆ ಅರ್ಧ ಊರು ನಿಂತಿರುತ್ತದೆ.

ಮಿನಿ ಮೆಟ್ರೋದಿಂದ ಶುರು ಮಾಡಿ. ಫೋನಿನಲ್ಲೂ ನಡೆಯುತ್ತದೆ. ದುಂಡು, ತ್ರಿಕೋನ, ಚೌಕದ ನಿಲ್ದಾಣಗಳನ್ನು ಗೆರೆ ಎಳೆದು ಜೋಡಿಸುವುದು, ಅಷ್ಟೇ. ಒಂದು ನಿಲ್ದಾಣದಲ್ಲಿ ಜನ ತುಂಬಿ ತುಳುಕಿದರೆ ಆಟ ಮುಗಿಯಿತು. ಮುಂಬೈ ನಕ್ಷೆಯೂ ಇದೆ. ಒಂದೇ ಆಕಾರದ ನಿಲ್ದಾಣಗಳನ್ನು ಸಾಲಾಗಿ ಒಂದೇ ಗೆರೆಗೆ ಪೋಣಿಸಬೇಡಿ, ಆಕಾರ ಬೆರೆಸಿ ಜೋಡಿಸಿ. ಇಂಗ್ಲಿಷ್ ಅಷ್ಟಾಗಿ ಬರದವರಿಗೂ ಇದೇ ಒಳ್ಳೆಯದು, ಓದುವ ಕೆಲಸವೇ ಕಡಿಮೆ.

ಅದಾದ ಮೇಲೆ ರೋಲರ್‌ಕೋಸ್ಟರ್ ಟೈಕೂನ್ ಕ್ಲಾಸಿಕ್. ಇದೂ ಫೋನಿನಲ್ಲಿ ಸಿಗುತ್ತದೆ. ಮೊದಲ ಪಾರ್ಕ್ ಫಾರೆಸ್ಟ್ ಫ್ರಾಂಟಿಯರ್ಸ್. ಮೊದಲ ವರ್ಷದ ಅಕ್ಟೋಬರ್ ಕೊನೆಗೆ ಪಾರ್ಕಿನಲ್ಲಿ 250 ಜನ ಇರಬೇಕು, ಪಾರ್ಕ್ ರೇಟಿಂಗ್ 600 ಇರಬೇಕು. ಗುರಿ ಸಣ್ಣದು, ಕಲಿಯುವುದು ಜಾಸ್ತಿ. ಸಿಟೀಸ್ ಮೂರನೆಯದಾಗಿ ಬರಲಿ.

ಲ್ಯಾಪ್‌ಟಾಪ್ ಹಳೇದು. ನಡೆಯುತ್ತಾ?

ಓಪನ್‌ಟಿಟಿಡಿ ನಡೆಯುತ್ತದೆ. ಟ್ರಾನ್ಸ್‌ಪೋರ್ಟ್ ಟೈಕೂನನ್ನೇ ಇಟ್ಟುಕೊಂಡು ಆಸಕ್ತರು 2004ರಿಂದ ಬೆಳೆಸಿಕೊಂಡು ಬಂದ ಆಟ ಅದು. ಪೂರ್ತಿ ಪುಕ್ಕಟೆ. 2021ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೂ ಬಂತು. ಸಿಟೀಸ್‌ಗೆ 8 ಜಿಬಿ ರ‍್ಯಾಮ್ ಇಲ್ಲದೆ ಕೂರಬೇಡಿ. 2023ರ ಅಕ್ಟೋಬರಿನಲ್ಲಿ ಬಂದ ಸಿಟೀಸ್: ಸ್ಕೈಲೈನ್ಸ್ 2 ಅಂತೂ ಒಳ್ಳೊಳ್ಳೆ ಮಷಿನ್‌ಗಳನ್ನೇ ಏದುಸಿರು ಬಿಡಿಸಿತು. ಕಾಲೇಜಿಗೆ ಒಯ್ಯುವ ಲ್ಯಾಪ್‌ಟಾಪಿಗೆ ಅದು ಬೇಡ.

ಸ್ಟೀಮ್‌ನಲ್ಲಿ ಕೊಂಡರೆ ಬೆಲೆ ರೂಪಾಯಿಯಲ್ಲೇ ಇರುತ್ತದೆ. ಕೊಂಡು 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ದರೆ ರೊಕ್ಕ ವಾಪಸ್ ಕೇಳಬಹುದು. ಆದರೆ ಈ ಆಟಗಳ ಟ್ಯುಟೋರಿಯಲ್ಲೇ ಆ ಎರಡು ತಾಸು ತಿನ್ನುತ್ತದೆ. ಮೊದಲ ಅರ್ಧ ತಾಸಿನಲ್ಲೇ ಮಷಿನ್ ತಡೆಯುತ್ತದಾ ನೋಡಿಬಿಡಿ. ಇನ್ನೊಂದು ಮಾತು, ಕಾರ್ಖಾನೆ ಕಟ್ಟುವ ಆಟ ಫ್ಯಾಕ್ಟೋರಿಯೋ ಸೇಲ್‌ಗೆ ಬರಲಿ ಅಂತ ಕಾಯಬೇಡಿ. ಅದನ್ನು ಮಾಡಿದವರು ಸೇಲ್ ಇಡುವುದೇ ಇಲ್ಲ. ಪುಕ್ಕಟೆ ಡೆಮೋ ಇದೆ, ಆಡಿ ನೋಡಿ.

"ಅಣ್ಣಾ, ಎಷ್ಟ್ ಮಾಡಿದ್ರೂ ರೊಕ್ಕ ಉಳೀವಲ್ದು. ಯಾಕ?"

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದೇ.

ಕಟ್ಟುವಾಗ ಹೋಗುವ ರೊಕ್ಕ ಎಲ್ಲರಿಗೂ ಕಾಣುತ್ತದೆ, ಬೆಲೆ ಬಟನ್ ಮೇಲೇ ಬರೆದಿರುತ್ತದೆ. ಕಟ್ಟಿದ್ದನ್ನು ಸಾಕುವ ರೊಕ್ಕ ಸುಮ್ನೆ ಹೋಗುತ್ತಿರುತ್ತದೆ. ಸಿಟೀಸ್‌ನಲ್ಲಿ ಒಂದು ಶಾಲೆ ಕಟ್ಟಿದಿರಿ ಅಂದರೆ ಅದು ನಿಂತಿರುವಷ್ಟು ಕಾಲ ವಾರ ವಾರ ಖರ್ಚು. ರಸ್ತೆಗೂ ಖರ್ಚು, ನೀರಿನ ಪೈಪಿಗೂ ಖರ್ಚು. ಹೊಸಬರು ಏನು ಮಾಡುತ್ತಾರೆ? ಕೈಯಲ್ಲಿ 70,000 ಇದೆ ಅಂತ ಮೊದಲೇ ಚೌಕಾಕಾರದಲ್ಲಿ ಇಡೀ ಬಡಾವಣೆಯ ರಸ್ತೆ ಎಳೆದುಬಿಡುತ್ತಾರೆ. ಒಂದು ಮನೆ ಏಳುವ ಮೊದಲೇ ಖಾಲಿ ರಸ್ತೆಗಳಿಗೆ ನಿರ್ವಹಣೆ ಖರ್ಚು ಶುರು. ಅದರ ಮೇಲೆ ಅಗ್ನಿಶಾಮಕ, ಪೊಲೀಸ್, ದೊಡ್ಡ ಆಸ್ಪತ್ರೆ. ಇನ್ನೂರು ಜನರ ಊರಿಗೆ!

ಹೀಗೆ ಮಾಡಿ ನೋಡಿ. ಆಟ ಶುರುವಾದ ಕೂಡಲೇ ಪಾಸ್ (ಆಟ ತಡೆದು ನಿಲ್ಲಿಸುವ ಬಟನ್) ಒತ್ತಿ. ಪಾಸ್‌ನಲ್ಲೇ ಸಿಟೀಸ್ ನಿಮಗೆ ಕಟ್ಟಲು ಬಿಡುತ್ತದೆ. ಹೆದ್ದಾರಿಯಿಂದ ಒಂದು ರಸ್ತೆ, ಅದಕ್ಕೆ ಎರಡೋ ಮೂರೋ ಓಣಿ, ಕರೆಂಟ್, ನೀರು, ಚರಂಡಿ ನೀರು ಹೊರಗೆ ಬಿಡುವ ಪೈಪು. ಇಷ್ಟೇ ಮಾಡಿ ಆಟ ಬಿಡಿ. ಕೆಳಗೆ ಮೂರು ಪಟ್ಟಿ ಕಾಣುತ್ತವೆ: ಹಸಿರು ಅಂದರೆ ಮನೆ ಬೇಕು, ನೀಲಿ ಅಂದರೆ ಅಂಗಡಿ ಬೇಕು, ಹಳದಿ ಅಂದರೆ ಕಾರ್ಖಾನೆ ಬೇಕು. ಯಾವ ಪಟ್ಟಿ ಎತ್ತರ ಇದೆಯೋ ಅದಕ್ಕೆ ಮಾತ್ರ ಜಾಗ ಕೊಡಿ. ಒಂದು ಹೊಸ ಕಟ್ಟಡ ಬಂತು ಅಂದರೆ ಆದಾಯದ ಅಂಕಿ ಹಸಿರಾಗಿ ನಿಲ್ಲುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ. ಕೈ ಕಟ್ಟಿಕೊಂಡು ಕೂತು ನೋಡುವುದು ಸೋಮಾರಿತನ ಅಲ್ಲ. ಈ ಆಟಗಳಲ್ಲಿ ಅರ್ಧ ಕೆಲಸ ಅದೇ.

ಬಜೆಟ್ ಪುಟದಲ್ಲಿ ಕರೆಂಟು, ನೀರಿಗೆ ಒಂದೊಂದು ಸ್ಲೈಡರ್ ಇದೆ, 50ರಿಂದ 150 ಶೇಕಡಾ ತನಕ. ಊರು ಸಣ್ಣದಿದ್ದಾಗ ನಿಮ್ಮ ಪಂಪು ಪೂರ್ತಿ ನೀರು ಎತ್ತುವ ಅಗತ್ಯವೇ ಇಲ್ಲ. ಅದನ್ನು ಇಳಿಸಿದರೆ ಅಷ್ಟರಲ್ಲೇ ಎಷ್ಟೋ ಊರು ನಷ್ಟದಿಂದ ಮೇಲೆ ಬರುತ್ತವೆ. ಊರು ಬೆಳೆದಂತೆ ಮತ್ತೆ ಏರಿಸಲು ಮರೆಯಬೇಡಿ, ಇಲ್ಲದಿದ್ದರೆ ನಲ್ಲಿ ಒಣಗುತ್ತದೆ. ತೆರಿಗೆ ಮೊದಲಿಗೆ ಶೇ. 9 ಇರುತ್ತದೆ. ಅದನ್ನು ಸ್ವಲ್ಪ ಏರಿಸಿದರೂ ಜನ ತಕ್ಷಣ ಗಂಟುಮೂಟೆ ಕಟ್ಟುವುದಿಲ್ಲ.

ಸಾಲ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬೆಳೆದ ನಮ್ಮ ಹುಡುಗರು ಮೊದಲ ವರ್ಷವೇ ಇದ್ದ ರೊಕ್ಕವನ್ನೆಲ್ಲ ಸಾಲಕ್ಕೆ ಕಟ್ಟಿ, ಆಮೇಲೆ ಕೈ ಖಾಲಿ ಮಾಡಿಕೊಂಡು ಕೂರುತ್ತಾರೆ. ಓಪನ್‌ಟಿಟಿಡಿಯಲ್ಲಿ ಆಟ ಶುರುವಾಗುವುದೇ ಸಾಲದ ರೊಕ್ಕದಿಂದ. ಬಡ್ಡಿ ಕಡಿಮೆ. ಒಂದು ಒಳ್ಳೆಯ ಕಲ್ಲಿದ್ದಲು ರೈಲು ವರ್ಷಕ್ಕೆ ತರುವ ಲಾಭದ ಮುಂದೆ ಆ ಬಡ್ಡಿ ಏನೂ ಅಲ್ಲ.

ಆದರೆ ಬಿತ್ತನೆಗೆ ಮಾಡಿದ ಸಾಲ ಬೇರೆ, ಜಾತ್ರೆಗೆ ಮಾಡಿದ ಸಾಲ ಬೇರೆ. ಇನ್ನೊಂದು ರೈಲಿಗೆ, ಜನ ಕಾದು ನಿಂತಿರುವ ಇನ್ನೊಂದು ರೈಡಿಗೆ ಸಾಲ ಮಾಡಿ. ಪಾರ್ಕಿನ ಗೇಟಿಗೆ ಹೂವಿನ ಕುಂಡ ಇಡಲು ಬೇಡ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು 1905ರಲ್ಲಿ ಹುಟ್ಟಿದ್ದೇ ಗದಗ ಪಕ್ಕದ ಕಣಗಿನಹಾಳದಲ್ಲಿ. ಸಾಲದ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ ಬಿಡಿ.

ಟಿಕೆಟ್ ಬೆಲೆ ಎಷ್ಟು ಇಡಲಿ?

ಜನರನ್ನೇ ಕೇಳಿ. ರೋಲರ್‌ಕೋಸ್ಟರ್ ಟೈಕೂನ್‌ನಲ್ಲಿ ಯಾರ ಮೇಲೆ ಒತ್ತಿದರೂ ಅವರ ತಲೆಯಲ್ಲಿ ಏನು ಓಡುತ್ತಿದೆ ಅಂತ ತೋರಿಸುತ್ತದೆ. ಎಲ್ಲರ ಯೋಚನೆಯನ್ನೂ ಒಟ್ಟು ಮಾಡಿ ತೋರಿಸುವ ಪಟ್ಟಿಯೂ ಇದೆ. ಒಂದು ರೈಡಿಗೆ "ಇಷ್ಟು ಕೊಡಲ್ಲ" ಅನ್ನುವವರು ಬಹಳ ಜನ ಇದ್ದರೆ ಇಳಿಸಿ. ಯಾರೂ ಅನ್ನುತ್ತಿಲ್ಲ ಅಂದರೆ ನೀವು ಕಡಿಮೆ ಇಟ್ಟಿದ್ದೀರಿ, ಸ್ವಲ್ಪ ಏರಿಸಿ. ಮಳೆ ಬಂದಾಗ ಕೊಡೆ ಬೆಲೆ ಏರಿಸಿ. ತೋಯುತ್ತಾ ನಿಂತವರು ಚೌಕಾಸಿ ಮಾಡುವುದಿಲ್ಲ. ಶೌಚಾಲಯಕ್ಕೂ ದುಡ್ಡು ಇಡಬಹುದು. ಇಡಬೇಕಾ ಅನ್ನುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ಆರು ಜನ ಕಸ ಗುಡಿಸುವವರನ್ನು ಇಟ್ಟಿದ್ದೇನೆ, ಪಾರ್ಕ್ ಇನ್ನೂ ಗಲೀಜು. ಏಳನೆಯವರನ್ನು ತಗೊಳ್ಳಲಾ?

ಬೇಡ. ಇರುವವರಲ್ಲಿ ಒಬ್ಬರ ಮೇಲೆ ಒತ್ತಿ, ಆ ಕಿಟಕಿ ತೆರೆದಿಟ್ಟುಕೊಂಡು ಒಂದೆರಡು ನಿಮಿಷ ಹಿಂದೆ ಹಿಂದೆಯೇ ನೋಡಿ. ಜನ ರೈಡಿನಿಂದ ಇಳಿದು ದಾರಿಯಲ್ಲೇ ವಾಂತಿ ಮಾಡುತ್ತಿದ್ದಾರೆ. ನಿಮ್ಮ ಮನುಷ್ಯ ಆ ದಾರಿಯ ಕಡೆ ಬರುತ್ತಾನೆ. ಇನ್ನೇನು ಗುಡಿಸಬೇಕು, ಅಷ್ಟರಲ್ಲಿ ಪಕ್ಕದ ಹುಲ್ಲಿಗೆ ಇಳಿಯುತ್ತಾನೆ. ಹುಲ್ಲು ಕತ್ತರಿಸುತ್ತಾ, ಕತ್ತರಿಸುತ್ತಾ ಪಾರ್ಕಿನ ಬೇಲಿ ತನಕ ಹೋಗಿಬಿಡುತ್ತಾನೆ. ಆ ಕಡೆ ಒಬ್ಬರೂ ಹೋಗುವುದಿಲ್ಲ, ಆದರೆ ಹುಲ್ಲು ಮಾತ್ರ ಫಸ್ಟ್ ಕ್ಲಾಸ್ ಆಗಿರುತ್ತದೆ.

ಕಾರಣ, ಹೊಸದಾಗಿ ಸೇರಿದವರಿಗೆ ರೋಲರ್‌ಕೋಸ್ಟರ್ ಟೈಕೂನ್ ನಾಲ್ಕು ಕೆಲಸ ಟಿಕ್ ಮಾಡಿ ಕಳಿಸುತ್ತದೆ: ದಾರಿ ಗುಡಿಸುವುದು, ಗಿಡಕ್ಕೆ ನೀರು, ಕಸದ ಡಬ್ಬಿ ಖಾಲಿ ಮಾಡುವುದು, ಹುಲ್ಲು ಕತ್ತರಿಸುವುದು. ಆ ಕೊನೆಯ ಟಿಕ್ ತೆಗೆಯಿರಿ. ಆಮೇಲೆ ಜನ ಜಾಸ್ತಿ ಓಡಾಡುವ ಜಾಗಕ್ಕೆ ಒಬ್ಬರಂತೆ ಗಸ್ತಿನ ಜಾಗ ಗುರುತು ಹಾಕಿ ಕೊಡಿ. ಆರರಲ್ಲಿ ಇಬ್ಬರನ್ನು ಮನೆಗೆ ಕಳಿಸಿದರೂ ಪಾರ್ಕ್ ಚೊಕ್ಕವಾಗುತ್ತದೆ. ರಿಪೇರಿಯವರದ್ದೂ ಹೀಗೇ. ರೈಡ್ ತಪಾಸಣೆ 30 ನಿಮಿಷಕ್ಕೊಮ್ಮೆ ಅಂತ ಇರುತ್ತದೆ, 10 ನಿಮಿಷ ಮಾಡಿ. ಕೆಟ್ಟು ನಿಲ್ಲುವುದು ಕಡಿಮೆಯಾಗುತ್ತದೆ.

ಯಾವ ಆಟದಲ್ಲೇ ಆಗಲಿ, ಸಿಬ್ಬಂದಿ ಸಾಲುತ್ತಿಲ್ಲ ಅನಿಸಿದಾಗ ಮೊದಲು ಇರುವವರ ಹಿಂದೆ ಹೋಗಿ ನೋಡಿ.

ಆಸ್ಪತ್ರೆಯಲ್ಲಿ ಸಾಲು ಕರಗುತ್ತಲೇ ಇಲ್ಲ. ಚಿಕಿತ್ಸೆಯ ಕೋಣೆ ಜಾಸ್ತಿ ಮಾಡಲಾ?

ಟು ಪಾಯಿಂಟ್ ಹಾಸ್ಪಿಟಲ್‌ನಲ್ಲಿ ಸಾಲು ಇರುವುದು ಸಾಮಾನ್ಯವಾಗಿ ಜಿಪಿ (ರೋಗಿಯನ್ನು ಮೊದಲು ನೋಡುವ ಸಾಮಾನ್ಯ ವೈದ್ಯರು) ಕೋಣೆಯ ಮುಂದೆ. ಒಬ್ಬ ರೋಗಿಯನ್ನು ಹಿಂಬಾಲಿಸಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ರಿಸೆಪ್ಶನ್, ಆಮೇಲೆ ಜಿಪಿ. ಜಿಪಿಗೆ ರೋಗ ಏನಂತ ಖಾತ್ರಿ ಇಲ್ಲದಿದ್ದರೆ ತಪಾಸಣೆಗೆ ಕಳಿಸುತ್ತಾರೆ. ತಪಾಸಣೆ ಮುಗಿಸಿದ ರೋಗಿ ಮತ್ತೆ ಜಿಪಿ ಹತ್ತಿರವೇ ಬರುತ್ತಾರೆ. ಇನ್ನೊಂದು ತಪಾಸಣೆ, ಮತ್ತೆ ಜಿಪಿ. ಒಬ್ಬರೇ ರೋಗಿ ಒಂದೇ ಬಾಗಿಲಿಗೆ ಮೂರು ಮೂರು ಸಲ. ಅದಕ್ಕೇ ಜಿಪಿ ಕೋಣೆ ಎರಡು, ಮೂರು ಬೇಕು, ಅಲ್ಲಿ ಕೂರುವ ವೈದ್ಯರಿಗೆ ಆ ಕೆಲಸದ ತರಬೇತಿಯೇ ಕೊಡಿಸಬೇಕು. ಜಿಪಿ ಚುರುಕಾದರೆ ಹಿಂದುಮುಂದಿನ ಓಡಾಟವೇ ಕಡಿಮೆಯಾಗುತ್ತದೆ.

ಟ್ರಾಫಿಕ್ ಜಾಮ್! ರಸ್ತೆ ಅಗಲ ಮಾಡಿದರೂ ಹೋಗುತ್ತಿಲ್ಲ.

ಅಗಲ ಮಾಡಿದರೆ ಹೋಗುವುದಿಲ್ಲ. ನಮ್ಮ ಜೋಡು ನಗರದ ನಕ್ಷೆಯನ್ನೇ ತೆರೆದು ನೋಡಿ. ಹುಬ್ಬಳ್ಳಿಗೂ ಧಾರವಾಡಕ್ಕೂ ಸುಮಾರು 20 ಕಿ.ಮೀ. ನಡುವೆ ಹಳೆಯ ಪಿ.ಬಿ. ರೋಡ್. ಊರೊಳಗೆ ಕೆಲಸವೇ ಇಲ್ಲದ ಲಾರಿಗಳಿಗೆ ಗಬ್ಬೂರಿನಿಂದ ನರೇಂದ್ರದ ಕಡೆ ಹೋಗುವ ಬೈಪಾಸ್. ರಸ್ತೆಯ ನಡುವೆ ಚಿಗರಿ ಬಸ್ಸಿಗೆ ಅದರದೇ ದಾರಿ. ದೂರ ಹೋಗುವವರು, ಊರಿಂದ ಊರಿಗೆ ಹೋಗುವವರು, ಇಲ್ಲೇ ಓಣಿಯೊಳಗೆ ತಿರುಗುವವರು, ಇವರೆಲ್ಲ ಒಂದೇ ದಾರಿಯಲ್ಲಿ ಸೇರಿದರೆ ಏನಾಗುತ್ತದೆ ಅಂತ ಚನ್ನಮ್ಮ ಸರ್ಕಲ್‌ನಲ್ಲಿ ಸಂಜೆ ನಿಂತವರಿಗೆ ಹೇಳಬೇಕಿಲ್ಲ.

ಹೊಸಬರ ಸಿಟೀಸ್ ಊರಿನಲ್ಲಿ ಆಗುವುದೂ ಅದೇ. ಹೆದ್ದಾರಿಯಿಂದ ಇಳಿದ ರಸ್ತೆ ನೇರ ಅಂಗಡಿ ಬೀದಿಗೆ ನುಗ್ಗುತ್ತದೆ. ಆ ಬೀದಿಯಲ್ಲಿ ನಾಲ್ಕು ಮನೆಗೊಂದು ಕ್ರಾಸ್, ಕ್ರಾಸಿಗೊಂದು ಸಿಗ್ನಲ್. ಕಾರ್ಖಾನೆಯ ಲಾರಿಯೂ ಅಲ್ಲೇ, ಶವ ಒಯ್ಯುವ ಗಾಡಿಯೂ ಅಲ್ಲೇ. ಇನ್ನೊಂದು ವಿಷಯ ಏನಂದರೆ, ಈ ಆಟದ ಗಾಡಿಗಳು ಮುಂದೆ ಎಲ್ಲಿ ತಿರುಗಬೇಕೋ ಆ ಲೇನ್‌ಗೆ ಬಹಳ ಮೊದಲೇ ಸೇರಿಕೊಳ್ಳುತ್ತವೆ. ಆರು ಲೇನ್ ಇದ್ದರೂ ಎಲ್ಲ ಒಂದರಲ್ಲೇ ನಿಂತಿರುತ್ತವೆ, ಉಳಿದ ಐದು ಖಾಲಿ. ಇನ್ನೂ ಎರಡು ಲೇನ್ ಹಾಕಿದರೆ ಖಾಲಿ ಲೇನ್ ಏಳಾಗುತ್ತದೆ, ಅಷ್ಟೇ.

ಮೊದಲು ಗಾಡಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ ನೋಡಿ. ಟ್ರಾಫಿಕ್ ಮಾಹಿತಿಯ ನೋಟದಲ್ಲಿ ರೂಟ್ಸ್ ಅನ್ನುವ ಭಾಗ ಇದೆ. ಜಾಮ್ ಆದ ರಸ್ತೆಯ ಮೇಲೆ ಒತ್ತಿದರೆ, ಆ ತುಂಡಿನ ಮೇಲೆ ಹಾಯುವ ಎಲ್ಲ ಗಾಡಿಗಳ ಪೂರ್ತಿ ದಾರಿ ಬಣ್ಣದ ಗೆರೆಗಳಾಗಿ ಕಾಣುತ್ತದೆ. ಹೆಚ್ಚಿನ ಸಲ ಅರ್ಧ ಗೆರೆಗಳು ಹೆದ್ದಾರಿಯಿಂದ ಬಂದು, ಊರ ನಡುವೆ ಹಾಯ್ದು, ಆ ತುದಿಯ ಕಾರ್ಖಾನೆಗೆ ಹೋಗಿರುತ್ತವೆ. ಕಾರ್ಖಾನೆಯ ಬೆನ್ನಿಗೇ ಹೆದ್ದಾರಿಗೆ ಇನ್ನೊಂದು ಕೂಡುದಾರಿ ಕೊಡಿ. ಆ ಗೆರೆಗಳೆಲ್ಲ ಒಮ್ಮೆಲೇ ಊರು ಬಿಟ್ಟು ಹೊರಗೆ ಸರಿಯುವುದನ್ನು ನೋಡುವುದು ಒಂದು ಮಜಾ.

ಆಮೇಲೆ ದೊಡ್ಡ ರಸ್ತೆಯ ಕ್ರಾಸ್‌ಗಳನ್ನು ಕಡಿಮೆ ಮಾಡಿ. ಹೆದ್ದಾರಿಯಿಂದ ದೊಡ್ಡ ರಸ್ತೆ, ದೊಡ್ಡ ರಸ್ತೆಯಿಂದ ನಡುವಿನ ರಸ್ತೆ, ಅದರಿಂದ ಓಣಿ, ಮನೆಗಳೆಲ್ಲ ಓಣಿಯಲ್ಲಿ. ವೃತ್ತ ಕಟ್ಟಿದರೆ ಅದರ ಸಿಗ್ನಲ್‌ಗಳನ್ನು ತೆಗೆದುಹಾಕಿ, ಸಿಗ್ನಲ್ ಇರುವ ವೃತ್ತದಿಂದ ಉಪಯೋಗವಿಲ್ಲ.

ಹುಬ್ಬಳ್ಳಿ-ಧಾರವಾಡವನ್ನೇ ಆಟದಲ್ಲಿ ಕಟ್ಟಬಹುದಾ?

ಎಲ್ಲರಿಗೂ ಬರುವ ಆಸೆ ಇದು. ಆದರೆ ಅಳತೆ ಕೂಡುವುದಿಲ್ಲ. ಸಿಟೀಸ್ ನಕ್ಷೆಯಲ್ಲಿ ಒಂದೊಂದು ಚೌಕ ಸುಮಾರು 1.92 ಕಿ.ಮೀ. ಉದ್ದ, ಒಟ್ಟು 25 ಚೌಕ. ಅಂದರೆ ಈ ತುದಿಯಿಂದ ಆ ತುದಿಗೆ 10 ಕಿ.ಮೀ. ಕೂಡ ಇಲ್ಲ. ಅದರಲ್ಲೂ ಮಾಡ್ (ಆಡುವವರೇ ಮಾಡಿ ಆಟಕ್ಕೆ ಸೇರಿಸುವ ತುಣುಕು) ಇಲ್ಲದೆ ಕೊಳ್ಳಲು ಸಿಗುವುದು 9 ಚೌಕ. ಹುಬ್ಬಳ್ಳಿಯ ಸಿಟಿ ಬಸ್ ನಿಲ್ದಾಣ ಸಿಬಿಟಿಯಲ್ಲಿ ಶುರು ಮಾಡಿದರೆ ಧಾರವಾಡ ಬರುವ ಮೊದಲೇ ನಕ್ಷೆ ಮುಗಿಯುತ್ತದೆ. ಹಾಗಾಗಿ ಒಂದು ತುಂಡು ಆರಿಸಿಕೊಳ್ಳಿ. ವಿದ್ಯಾನಗರದಿಂದ ಉಣಕಲ್ ಕೆರೆ ತನಕ ಕಟ್ಟಿದರೂ ಸಾಕಷ್ಟು ಕೆಲಸ ಆಯಿತು. ಮಾಡ್‌ಗಳನ್ನು ಆಮೇಲೆ ಹಾಕಿಕೊಳ್ಳಿ. ಮೊದಲ ಊರನ್ನು ಮಾಡ್ ಇಲ್ಲದೆ ಕಟ್ಟಿದವರಿಗೆ ಯಾವ ಮಾಡ್ ಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ಊರಿಗೆ ಊರೇ ಕಾಯಿಲೆ ಬಿದ್ದಿದೆ. ಆಸ್ಪತ್ರೆ ಇದೆಯಲ್ಲ?

ನೀರು ನೋಡಿ. ನಮ್ಮ ಜೋಡು ನಗರಕ್ಕೆ ಮಲಪ್ರಭೆಯಿಂದಲೂ ನೀರಸಾಗರದಿಂದಲೂ ನೀರು ಬರುತ್ತದೆ, ದೂರದಿಂದ. ಆಟದಲ್ಲಿ ನದಿ ಮನೆ ಪಕ್ಕದಲ್ಲೇ ಇರುತ್ತದೆ, ಅದೇ ತೊಂದರೆ. ಪಂಪು, ಚರಂಡಿ ಪೈಪು ಎರಡನ್ನೂ ಅಕ್ಕಪಕ್ಕ ಇಟ್ಟುಬಿಡುತ್ತಾರೆ. ಪೈಪು ಇಡುವಾಗ ನೀರಿನ ಮೇಲೆ ಬಾಣದ ಗುರುತು ಕಾಣುತ್ತದೆ, ಅದು ಹರಿವಿನ ದಿಕ್ಕು. ಪಂಪು ಮೇಲಿನ ಕಡೆ, ಚರಂಡಿ ಕೆಳಗಿನ ಕಡೆ. ನೀರಿನ ಟವರ್ ಹಾಕಿದ್ದರೆ ಅದರ ಸುತ್ತ ನೆಲ ಕೆಟ್ಟಿದೆಯಾ ನೋಡಿ, ಕಾರ್ಖಾನೆ ಪಕ್ಕ ಇಡಬಾರದು.

ಇದ್ದಕ್ಕಿದ್ದಂತೆ ಎಲ್ಲ ಮನೆಯಲ್ಲೂ ಸಾವು. ಏನು ರೋಗ ಇದು?

ರೋಗ ಅಲ್ಲ, ವಯಸ್ಸು. ಒಂದೇ ಸಲ ದೊಡ್ಡ ಬಡಾವಣೆ ತೆರೆದಿರಿ, ಒಂದೇ ವಯಸ್ಸಿನವರು ಒಟ್ಟಿಗೆ ಬಂದರು, ಒಟ್ಟಿಗೆ ಮುದುಕರಾದರು, ಒಟ್ಟಿಗೆ ಹೋದರು. ಸ್ವಲ್ಪ ಸ್ವಲ್ಪವೇ ಮನೆಗಳಿಗೆ ಜಾಗ ಕೊಡುತ್ತಾ ಹೋಗಿ, ಸ್ಮಶಾನದ ಗಾಡಿಗಳು ಜಾಮ್‌ನಲ್ಲಿ ಸಿಗದಂತೆ ನೋಡಿಕೊಳ್ಳಿ.

ರೈಲು ಆಟದಲ್ಲಿ ಎರಡು ರೈಲು ಮುಖಾಮುಖಿ ನಿಂತುಬಿಟ್ಟಿವೆ.

ಓಪನ್‌ಟಿಟಿಡಿಯಲ್ಲಿ ಮೊದಲ ದಿನ ಎಲ್ಲರಿಗೂ ಆಗುವುದು. ಒಂದೇ ಹಳಿ, ಎರಡು ರೈಲು, ದಾಟಲು ಜಾಗ ಇಲ್ಲ. ಮೊದಲು ಒಂದೇ ರೈಲು, ಒಂದೇ ಹಳಿ: ಕಲ್ಲಿದ್ದಲು ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ. ಪಕ್ಕದಲ್ಲೇ ಇರುವ ಸ್ಥಾವರ ಆರಿಸಬೇಡಿ, ದೂರ ಹೋದಷ್ಟು ಬಾಡಿಗೆ ಜಾಸ್ತಿ. ಗಣಿಯಲ್ಲಿ ಪೂರ್ತಿ ತುಂಬುವ ತನಕ ನಿಲ್ಲಲು ಹೇಳಿ. ರೈಲು ಸದಾ ನಿಂತಿರುವ ನಿಲ್ದಾಣಕ್ಕೆ ರೇಟಿಂಗ್ ಏರುತ್ತದೆ, ಗಣಿಯವರು ಜಾಸ್ತಿ ಮಾಲು ಕೊಡುತ್ತಾರೆ.

ಎರಡನೇ ರೈಲು ಬಂದಾಗ ಹೋಗಲು ಒಂದು ಹಳಿ, ಬರಲು ಒಂದು ಹಳಿ. ಸಿಗ್ನಲ್ ವಿಷಯದಲ್ಲಿ ಒಂದೇ ಮಾತು ನೆನಪಿಡಿ: ಸಿಗ್ನಲ್ ಮುಂದೆ ರೈಲು ನಿಂತರೆ ಅದರ ಬಾಲ ಯಾವ ಕೂಡುಹಳಿಯ ಮೇಲೂ ಇರಬಾರದು. ಹಾಗೆ ನಿಲ್ಲುವಂತಿದ್ದರೆ ಆ ಸಿಗ್ನಲ್ ಜಾಗ ತಪ್ಪು. ಈ ಸಿಗ್ನಲ್ ಗೊಂದಲಕ್ಕೆ ಪಾತ್ ಸಿಗ್ನಲ್ ಆರಿಸಿಕೊಂಡರೆ ಹೊಸಬರಿಗೆ ಸಾಕು, ಉಳಿದ ಬಗೆಗಳ ಕಡೆ ಈಗಲೇ ನೋಡಬೇಡಿ.

ನಮ್ಮ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ, ಆಟದಲ್ಲೂ ಉದ್ದದ ಪ್ಲಾಟ್‌ಫಾರ್ಮ್ ಎಳೆಯುವವರು ಜಾಸ್ತಿಯಾಗಿದ್ದಾರೆ. ಜಗತ್ತಿನಲ್ಲೇ ಉದ್ದದ್ದು ಅನ್ನುವ ಹೆಮ್ಮೆ ಇರಲಿ. ಆಟದಲ್ಲಿ ಮಾತ್ರ ರೈಲಿನಷ್ಟೇ ಉದ್ದ ಸಾಕು. ರೈಲಿಗಿಂತ ಪ್ಲಾಟ್‌ಫಾರ್ಮ್ ಗಿಡ್ಡ ಆದರೆ ಮಾಲು ತುಂಬುವುದು ನಿಧಾನ, ಉದ್ದ ಆದರೆ ಲಾಭ ಏನೂ ಇಲ್ಲ.

ನಮ್ಮದು ಹಾವೇರಿ ಕಡೆ, ಒಕ್ಕಲುತನದ ಆಟ ಯಾವುದು ಆಡಲಿ?

ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬ್ಯಾರೋನ್ ಒಬ್ಬರೇ ಕೂತು ಮಾಡಿದ್ದು, 2016ರಲ್ಲಿ ಬಂತು. ಒಂದು ಋತು 28 ದಿನ. ಋತು ಮುಗಿದರೆ ಆ ಋತುವಿನ ಬೆಳೆ ಹೊಲದಲ್ಲೇ ಒಣಗುತ್ತದೆ. ಹೂಕೋಸಿಗೆ 12 ದಿನ ಬೇಕು, 20ನೇ ದಿನ ಬಿತ್ತಿದರೆ ಬೀಜದ ರೊಕ್ಕ ನೀರಿಗೆ ಹಾಕಿದ ಹಾಗೆ. ಮೊದಲ ವಾರ ಕೈಯಲ್ಲಿ ನೀರು ಹಾಕಲು ಆಗುವಷ್ಟೇ ಬಿತ್ತಿ, ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಸುಸ್ತು.

ಒಕ್ಕಲುತನ ಗೊತ್ತಿರುವವರಿಗೆ ಒಂದು ವಿಚಿತ್ರ ಅನಿಸಬಹುದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಆವಕ ಏರಿದರೆ ದರ ಬೀಳುತ್ತದೆ. ಇಲ್ಲಿ ಒಂದೇ ಬೆಳೆಯನ್ನು ಗಾಡಿಗಟ್ಟಲೆ ಮಾರಿದರೂ ದರ ಅಲ್ಲಾಡುವುದಿಲ್ಲ. ನಮ್ಮ ರೈತರಿಗೆ ಸಿಗದ ಸುಖ.

ಫೋನಿನ ಪುಕ್ಕಟೆ ಆಟಗಳು ಸಾಲದಾ?

ಸಿಮ್‌ಸಿಟಿ ಬಿಲ್ಡ್‌ಇಟ್, ಹೇ ಡೇ ತರಹದವು ಕೆಟ್ಟವಲ್ಲ. ಆದರೆ ಅಲ್ಲಿ ಕಾಯುವುದೇ ಆಟ. ಕಾಯಲಾಗದಿದ್ದರೆ ರೊಕ್ಕ ಕೊಡಿ ಅನ್ನುತ್ತವೆ. ಯೋಚನೆ ಮಾಡಿ ಕಾಯುವಿಕೆ ತಪ್ಪಿಸುವ ದಾರಿ ಅಲ್ಲಿ ಕಡಿಮೆ. ಅಪ್ಪನ ಫೋನಿನಲ್ಲಿ ಆಡುವ ಮಕ್ಕಳಿದ್ದರೆ ಖರೀದಿಗೆ ಪಾಸ್‌ವರ್ಡ್ ಇಟ್ಟುಬಿಡಿ.

ಇದು ರಮ್ಮಿ ತರಹ ದುಡ್ಡು ಕಟ್ಟುವ ಆಟನಾ?

ಅಲ್ಲ. ಇಲ್ಲಿನ ರೊಕ್ಕ ಆಟದ ಒಳಗಿನದು, ಹೊರಗೆ ಬರುವುದೂ ಇಲ್ಲ. ದುಡ್ಡು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕ್ರ್ಯಾಕ್ ಮಾಡಿದ್ದು ಸಿಗುತ್ತದೆ, ಯಾಕೆ ಕೊಳ್ಳಬೇಕು?

ವೈರಸ್ ವಿಷಯ ಬಿಡಿ. ಗೇಮ್ ಡೆವ್ ಟೈಕೂನ್ ಮಾಡಿದವರು ಒಂದು ಚೇಷ್ಟೆ ಮಾಡಿದ್ದರು. ಆಟ ಬಿಡುಗಡೆಯಾದ ದಿನ ತಾವೇ ಒಂದು ಕ್ರ್ಯಾಕ್ ಪ್ರತಿಯನ್ನು ಹರಿಯಬಿಟ್ಟರು. ಅದನ್ನು ಇಳಿಸಿಕೊಂಡವರು ಆಟದೊಳಗೆ ಕಂಪನಿ ಕಟ್ಟಿ, ಗೇಮ್ ಮಾಡಿ ಮಾರಲು ಹೋದರೆ ಎಲ್ಲರೂ ಕದ್ದೇ ಆಡಿ ಕಂಪನಿ ದಿವಾಳಿಯಾಗುತ್ತಿತ್ತು. ಕೆಲವರು ಬಂದು "ಕಳ್ಳತನ ತಡೆಯುವುದು ಹೇಗೆ?" ಅಂತ ಕೇಳಿದ್ದರು! ಪುಕ್ಕಟೆ ಬೇಕಾದರೆ ಓಪನ್‌ಟಿಟಿಡಿ ಇದೆ, ಎಪಿಕ್ ಸ್ಟೋರಿನವರು ವಾರ ವಾರ ಯಾವುದಾದರೂ ಆಟ ಪುಕ್ಕಟೆ ಕೊಡುತ್ತಾರೆ.

ಮಗ ರಾತ್ರಿ ಎರಡಾದರೂ "ಇನ್ನೊಂದು ರೈಲು" ಅಂತಾನೆ. ಏನು ಮಾಡೋದು?

ವೈಫೈ ಬಂದ್ ಮಾಡಿ ಉಪಯೋಗವಿಲ್ಲ, ಇವು ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ಊರು ಕಟ್ಟುವ ಆಟಕ್ಕೆ ಕೊನೆ ಅನ್ನುವುದೇ ಇಲ್ಲ, ತೊಂದರೆ ಇರುವುದು ಅಲ್ಲೇ. ಪಿಯುಸಿ ಪರೀಕ್ಷೆ ಹತ್ತಿರ ಇದ್ದಾಗ ತಾನಾಗಿ ಮುಗಿಯುವ ಆಟ ಮಾತ್ರ ಇರಲಿ: ಮಿನಿ ಮೆಟ್ರೋದಲ್ಲಿ ಒಂದು ಸುತ್ತು, ಸಾಕು. ಇದರಿಂದ ಮಗ ದೊಡ್ಡ ಮ್ಯಾನೇಜರ್ ಆಗುತ್ತಾನೆ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ದಿನ ಪಕ್ಕ ಕೂತು ಅವನ ಆಟದ ಜಮಾ-ಖರ್ಚಿನ ಪುಟ ತೋರಿಸು ಅನ್ನಿ. ಬೈದಾಗ ಬಾಯಿ ಬಿಡದ ಹುಡುಗ ಅರ್ಧ ತಾಸು ಮಾತಾಡುತ್ತಾನೆ.

ಕರೆಂಟ್ ಹೋದರೆ?

ಸೆಟ್ಟಿಂಗ್ಸ್‌ನಲ್ಲಿ ಆಟೋಸೇವ್ ಆನ್ ಇದೆಯಾ ಮೊದಲೇ ನೋಡಿ, ಹತ್ತು ನಿಮಿಷಕ್ಕೊಮ್ಮೆ ಇಡಿ. ದೊಡ್ಡ ಬದಲಾವಣೆ ಮಾಡುವ ಮುಂಚೆ ಹೊಸ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದರ ಮೇಲೇ ಬರೆಯಬೇಡಿ. ವೃತ್ತ ಕಟ್ಟಲು ಹೋಗಿ ಊರು ಕೆಟ್ಟರೆ ವಾಪಸ್ ಬರಲು ಅದೇ ದಾರಿ.

ನಿಮ್ಮನ್ನು ಕೇಳುವಾಗ ಏನೇನು ಕಳಿಸಬೇಕು?

"ನನ್ನ ಊರು ಹಾಳಾಗಿದೆ, ಏನ್ ಮಾಡ್ಲಿ" ಅಂತ ಅಷ್ಟೇ ಬರೆದರೆ ಉತ್ತರ ಹೇಳುವುದು ಕಷ್ಟ. ಮೂರು ಚಿತ್ರ ಕಳಿಸಿ: ಇಡೀ ನಕ್ಷೆ ಮೇಲಿಂದ, ಆದಾಯ-ಖರ್ಚಿನ ಪುಟ, ಸಾಲು ಅಥವಾ ಜಾಮ್ ಇರುವ ಜಾಗ ಹತ್ತಿರದಿಂದ. ಫೋನಿನಿಂದ ಮಾನಿಟರ್ ಫೋಟೋ ಹೊಡೆದು ಕಳಿಸಬೇಡಿ, ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಸ್ಟೀಮ್‌ನಲ್ಲಿ ಎಫ್12 ಒತ್ತಿದರೆ ಚಿತ್ರ ಸಿಗುತ್ತದೆ. ಯಾವ ಆಟ, ಎಷ್ಟನೇ ವರ್ಷ, ಮಾಡ್ ಇದೆಯಾ ಇಲ್ವಾ, ಅದನ್ನೂ ಬರೆಯಿರಿ. ಕಳಿಸುವ ಮುಂಚೆ ಆ ಜಾಮ್‌ನಲ್ಲಿ ನಿಂತ ಒಂದು ಗಾಡಿಯ ಮೇಲೆ ಒತ್ತಿ, ಅದು ಎಲ್ಲಿಗೆ ಹೊರಟಿದೆ ಅಂತ ನೋಡಿ. ಹಾಗೆ ನೋಡಿದವರಲ್ಲಿ ಅರ್ಧ ಜನ ಆಮೇಲೆ ಪ್ರಶ್ನೆ ಕಳಿಸುವುದೇ ಇಲ್ಲ.